ಪತ್ತನಾಜೆಯಿಂದ ದೀಪಾವಳಿವರೆಗೆ: ಮಂಗಳೂರಿನ ಒಂದು ಹಳೆ ಕಾರು ಕೂಟದ ಪ್ರಕರಣ

2020ರ ದೀಪಾವಳಿಗೆ ಇನ್ನು ಮೂರು ದಿನ ಇತ್ತು. ಮಂಗಳೂರಿನ ಬಿಜೈಯ ಒಂದು ಮನೆಯ ಅಂಗಳದಲ್ಲಿ ನಾವು ನಾಲ್ಕು ಜನ ನಿಂತಿದ್ದೆವು. ಎದುರಿಗೆ ನೀಲಿ ಟಾರ್ಪಾಲು ಹೊದ್ದ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾದಾಗ ಮುಚ್ಚಿದ್ದು, ಮತ್ತೆ ತೆರೆದದ್ದು ಅವತ್ತೇ. ಟಾರ್ಪಾಲು ಎಳೆದಾಗ ಮೊದಲು ಬಂದದ್ದು ವಾಸನೆ. ಒದ್ದೆ ಗೋಣಿ, ಇಲಿ, ಹಳೆ ರೆಕ್ಸಿನ್ ಎಲ್ಲ ಸೇರಿದ ವಾಸನೆ. ಸೀಟಿನ ಮೇಲೆಲ್ಲ ಬಿಳಿ ಬೂಸ್ಟು. ಬೂಸ್ಟು ಒರೆಸಿದರೆ ಹೋಗುತ್ತದೆ, ಅದಕ್ಕೆ ಯಾರೂ ಹೆದರಲಿಲ್ಲ.

ಹೆರಾಲ್ಡಿನ ಬೊನೆಟ್ ನೋಡಿದವರಿಗೆ ಗೊತ್ತು. ಎರಡೂ ಬದಿಯ ಕ್ಲಿಪ್ ಬಿಚ್ಚಿದರೆ ಮಡ್‌ಗಾರ್ಡ್ ಸಮೇತ ಇಡೀ ಮೂತಿ ಮುಂದಕ್ಕೆ ಬಾಗುತ್ತದೆ. ಇಂಜಿನ್, ಮುಂದಿನ ಚಕ್ರ, ಸ್ಟೀರಿಂಗ್ ಎಲ್ಲ ಬಯಲಿಗೆ ಬರುತ್ತದೆ. ಆ ಕಾರಿನ ಪಕ್ಕ ಕೂತು ಕೆಲಸ ಮಾಡುವಷ್ಟು ಸುಖ ಬೇರೆ ಯಾವ ಕಾರಿನಲ್ಲೂ ಇಲ್ಲ. ಒಳಗೆ ಇಂಜಿನ್ ಚೆನ್ನಾಗಿಯೇ ಕಾಣುತ್ತಿತ್ತು. ತಳ್ಳಿ ನೋಡಿದೆವು, ಅಲುಗಲಿಲ್ಲ. ಬ್ರೇಕ್ ಹಿಡಿದುಕೊಂಡಿತ್ತು. ಚಕ್ರ ಬಿಚ್ಚೋಣ ಎಂದು ನಮ್ಮ ಮೆಕ್ಯಾನಿಕ್ ಮೇಸ್ತ್ರಿ ಬದಿಯಲ್ಲಿ ಜಾಕ್ ಇಟ್ಟು ಹ್ಯಾಂಡಲ್ ತಿರುಗಿಸಿದರು. ಕಾರು ಮೇಲೆ ಬರಲಿಲ್ಲ. ಜಾಕ್ ಒಳಗೆ ಹೋಯಿತು.

ಯಾರೂ ಮಾತಾಡಲಿಲ್ಲ. ಮೇಸ್ತ್ರಿ ಜಾಕ್ ಇಳಿಸಿ, ಅಡ್ಡ ಮಲಗಿ, ಚಾಸಿಸ್‌ನಿಂದ, ಅಂದರೆ ಕಾರನ್ನು ಹೊರುವ ಕಬ್ಬಿಣದ ಚೌಕಟ್ಟಿನಿಂದ, ಬದಿಗೆ ಚಾಚಿದ ಕೈಗಳಿಗೆ ಸ್ಕ್ರೂಡ್ರೈವರ್ ಒತ್ತಿದರು. ಒಳಗೆ ಹೋಯಿತು. ಇನ್ನೊಂದು ಕಡೆ ಒತ್ತಿದರು. ಅಲ್ಲೂ ಹೋಯಿತು. ಕೆಂಪು ಚೂರುಗಳು ಹಪ್ಪಳದ ಹಾಗೆ ನೆಲಕ್ಕೆ ಉದುರಿದವು. ಕಾರಿನ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಅವರು ಒಂದೇ ಮಾತು ಕೇಳಿದರು: "ಮಾರ್ಚ್‌ನಲ್ಲಿ ಸರಿ ಇತ್ತಲ್ವಾ?"

ಸರಿ ಇತ್ತು ಎಂದೇ ನಾವೂ ತಿಳಿದಿದ್ದೆವು. ಫೆಬ್ರವರಿಯಲ್ಲಿ ಅದೇ ಕಾರು ನಮ್ಮ ಜೊತೆ ಕಾಪು ದೀಪಸ್ತಂಭದವರೆಗೆ ಹೋಗಿ ಬಂದಿತ್ತು. ಆದರೆ ಎಂಟು ತಿಂಗಳಲ್ಲಿ ಒಂದು ಚಾಸಿಸ್ ಹೀಗಾಗುವುದಿಲ್ಲ. ತುಕ್ಕು ವರ್ಷಗಟ್ಟಲೆ ಒಳಗಿಂದ ತಿನ್ನುತ್ತ ಬಂದಿತ್ತು. ನಾವು ಮೇಲಿನ ಪಾಲಿಶ್ ನೋಡಿ ಫೋಟೋ ತೆಗೆಯುತ್ತಿದ್ದೆವು. ಆ ಎಂಟು ತಿಂಗಳು ಕೊನೆಯ ಏಟು ಕೊಟ್ಟವು, ಅಷ್ಟೆ.

ನಮ್ಮ ಕೂಟದ ಕತೆಯನ್ನು ನಾನು ಯಾವಾಗಲೂ ಆ ದಿನದಿಂದಲೇ ಶುರು ಮಾಡುತ್ತೇನೆ. ಅಲ್ಲಿಯವರೆಗೆ ನಾವು ವರ್ಷಕ್ಕೆ ಏಳು ತಿಂಗಳು ಇರುವ ಕೂಟವಾಗಿದ್ದೆವು. ಕರಾವಳಿಯಲ್ಲಿ ಕಾರು ಸಾಯುವುದು ಉಳಿದ ಐದು ತಿಂಗಳಲ್ಲಿ, ಕಾರು ಮುಚ್ಚಿಡುವ ಮಳೆಗಾಲದಲ್ಲಿ.

ಕೂಟ ಆದದ್ದು ಹೇಗೆ

2014 ಮೇ 24ರಂದು ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. 1950ರ ದಶಕದ ಕೊನೆಯಿಂದ ಬರುತ್ತಿದ್ದ ಕಾರು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಲ್ಲಿ ಹುಟ್ಟಿ, ಇಲ್ಲಿ ಡಾಕ್ಟರಿಂದ ಹಿಡಿದು ಟ್ಯಾಕ್ಸಿಯವರೆಗೆ ಎಲ್ಲರ ಕಾರಾಯಿತು. ನಮ್ಮ ಕಡೆ ಮದುವೆ ದಿಬ್ಬಣವೂ ಅದರಲ್ಲೇ, ಆಸ್ಪತ್ರೆಗೆ ಹೋಗುವುದೂ ಅದರಲ್ಲೇ. ಆ ಸುದ್ದಿ ಬಂದ ವಾರ ಕದ್ರಿ ಪಾರ್ಕಿನ ಹತ್ತಿರ ನಾಲ್ಕು ಜನ ಸೇರಿದೆವು. ಎರಡು ಅಂಬಾಸಿಡರ್, ಆ ಹೆರಾಲ್ಡ್, ಮತ್ತೆ ನನ್ನ ಅಪ್ಪನ ಪ್ರೀಮಿಯರ್ ಪದ್ಮಿನಿ. ಮಳೆ ಹತ್ತಿರ ಬಂದಿತ್ತು. ದೀಪಾವಳಿ ಕಳೆದ ಮೇಲೆ ಒಂದು ಸುತ್ತು ಹೋಗೋಣ ಎಂದು ಮಾತಾಯಿತು. ಕೂಟಕ್ಕೆ ಹೆಸರು ಇಡಲಿಲ್ಲ, ರಿಜಿಸ್ಟರ್ ಮಾಡಲಿಲ್ಲ. ಇವತ್ತಿಗೂ ಮಾಡಿಲ್ಲ.

ಎರಡು ವರ್ಷದಲ್ಲಿ ಹದಿನಾಲ್ಕು ಕಾರು ಆದವು. ಇಷ್ಟು ಸಣ್ಣ ಜಾಗದಲ್ಲಿ ಅಷ್ಟು ಹಳೆ ಕಾರು ಹೇಗೆ ಉಳಿದವು ಎಂದು ಹೊರಗಿನವರು ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕೆ ಕಾರಣ ಬಸ್ಸು. ದಕ್ಷಿಣ ಕನ್ನಡ ಖಾಸಗಿ ಬಸ್ಸಿನ ಜಿಲ್ಲೆ. ಸಿ.ಪಿ.ಸಿ. ಎಂದು ಅಜ್ಜಂದಿರು ಹೇಳುವ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ 1914ರಲ್ಲೇ ಶುರುವಾದದ್ದು. ಬಸ್ಸು ಇದ್ದಲ್ಲಿ ಗ್ಯಾರೇಜು ಬೇಕು. ಲೀಫ್ ಪ್ಲೇಟ್ ಬಗ್ಗಿಸುವವನು, ಟಿಂಕರಿಂಗ್ ಮಾಡುವವನು, ರೇಡಿಯೇಟರ್ ಬೆಸುಗೆ ಹಾಕುವವನು, ಸೀಟು ಹೊಲಿಯುವವನು ಬೇಕು. ಅವರ ಮಕ್ಕಳು, ಅಳಿಯಂದಿರು, ಶಿಷ್ಯರು ಈ ಊರಲ್ಲಿ ಇನ್ನೂ ಇದ್ದಾರೆ. ನಮ್ಮ ಮೇಸ್ತ್ರಿ ಹತ್ತನೇ ವಯಸ್ಸಿಗೆ ಬಸ್ಸಿನ ಅಡಿಗೆ ಗ್ರೀಸ್ ಹಚ್ಚಲು ಹೋದವರು. ಅವರಿಗೆ ಅಂಬಾಸಿಡರ್ ಎಂದರೆ ಸಣ್ಣ ಬಸ್ಸು.

ಯಾವ ಕಾರು ಎಲ್ಲಿಂದ ಬಂತು ಎಂದು ನೋಡಿದರೆ ಈ ಕರಾವಳಿಯ ಚರಿತ್ರೆಯೇ ಸಿಗುತ್ತದೆ. 1956ರ ನವೆಂಬರ್‌ವರೆಗೆ ನಾವು ಮದ್ರಾಸಿಗೆ ಸೇರಿದವರು. ಆ ನಂಟು ಆಮೇಲೂ ಕಡಿಯಲಿಲ್ಲ. ಹೆರಾಲ್ಡ್ 1961ರಿಂದ 1971ರವರೆಗೆ ಮದ್ರಾಸಿನಲ್ಲೇ ತಯಾರಾದದ್ದು. ಬಿಜೈಯ ಕಾರನ್ನು ಯಜಮಾನರ ತಂದೆ ಅಲ್ಲಿಂದಲೇ ಓಡಿಸಿಕೊಂಡು ಬಂದಿದ್ದರು. ಫಿಯೆಟ್‌ಗಳು ಬಂದದ್ದು ಬೊಂಬಾಯಿಯಿಂದ. ಹೋಟೆಲು ಇಟ್ಟವರು, ಕ್ಯಾಂಟೀನ್ ನಡೆಸಿದವರು ಊರಿಗೆ ವಾಪಸ್ ಬರುವಾಗ ಕಾರನ್ನೂ ತಂದರು. ಪದ್ಮಿನಿ ಬೊಂಬಾಯಿಯ ಕುರ್ಲಾ ಕಾರ್ಖಾನೆಯ ಮಗಳು. ಮೊದಲು ಫಿಯೆಟ್ 1100 ಡಿಲೈಟ್, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್, ಕೊನೆಗೆ ಪದ್ಮಿನಿ. ಹೆಸರು ಏನಾದರೂ ನಮ್ಮ ಮನೆಯಲ್ಲಿ ಅದು ಕೊನೆಯವರೆಗೂ "ಫಿಯೆಟ್" ಅಷ್ಟೆ. ಕೂಟದ ಎರಡು ಕಾರುಗಳ ನಂಬರ್ ಪ್ಲೇಟ್‌ನಲ್ಲಿ ಇನ್ನೂ ಮೈಸೂರು ರಾಜ್ಯದ ಕಾಲದ ಎಂ.ವೈ. ಅಕ್ಷರ ಉಂಟು. ಕೆ.ಎ. 19, ಕೆ.ಎ. 20 ಎಲ್ಲ ಆಮೇಲೆ ಬಂದದ್ದು.

ಯಾರನ್ನು ಸೇರಿಸಬೇಕು ಎನ್ನುವುದಕ್ಕೆ ಒಂದು ಸಲ ದೊಡ್ಡ ಜಗಳವೇ ಆಯಿತು. ಸುರತ್ಕಲ್‌ನ ಒಬ್ಬರು ಮೊದಲ ಆಕಾರದ ಮಾರುತಿ 800 ತಂದರು. ಮಾರುತಿ ಹಳೆ ಕಾರಾ ಎಂದು ಹಿರಿಯರು ಮುಖ ತಿರುಗಿಸಿದರು. ಮಾರುತಿಯ ಮೊದಲ ಕಾರು ಕೈಗೆ ಸಿಕ್ಕಿದ್ದು 1983ರ ಡಿಸೆಂಬರ್‌ನಲ್ಲಿ. ಹಳೆ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ 30 ವರ್ಷ ದಾಟಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನನ್ನ ಓಟು ಮಾರುತಿಗೇ ಇತ್ತು. ಅದನ್ನೂ ಈಗಲೇ ಉಳಿಸದಿದ್ದರೆ ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಕೊನೆಗೆ ಸೇರಿಸಿಕೊಂಡೆವು.

ಮೊದಲ ಆರು ವರ್ಷ ಬಹಳ ಸಂತೋಷದ ವರ್ಷಗಳು. ಆದರೆ ಆ ಸಂತೋಷಕ್ಕೆ ಒಂದು ಕಾಲ ಇತ್ತು. ತುಳುನಾಡಿನಲ್ಲಿ ಪತ್ತನಾಜೆ ಎಂದರೆ ಬೇಶ ತಿಂಗಳ ಹತ್ತನೇ ದಿನ, ಮೇ ತಿಂಗಳ ಕೊನೆಯ ವಾರಕ್ಕೆ ಬರುತ್ತದೆ. ಅವತ್ತಿಗೆ ಕೋಲ, ನೇಮ ನಿಲ್ಲುತ್ತವೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ನಾವೂ ಹಾಗೆಯೇ ಮಾಡುತ್ತಿದ್ದೆವು. ದೀಪಾವಳಿಗೆ ಕಾರು ಹೊರಗೆ, ಪತ್ತನಾಜೆಗೆ ಕಾರು ಒಳಗೆ. ನಡುವೆ ತಿಂಗಳಿಗೊಂದು ಸವಾರಿ. ಕಾಪು, ಮೂಡುಬಿದಿರೆ, ಕಾರ್ಕಳ, ಒಮ್ಮೆ ಧೈರ್ಯ ಮಾಡಿ ಆಗುಂಬೆಯ ಹದಿನಾಲ್ಕು ತಿರುವು. ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿ ಅಲ್ಲಿನ ಕಾರು ಸಂಗ್ರಹಾಲಯ ನೋಡಿ ಬಂದೆವು. ಅಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೋಡುವಾಗ ನನಗೆ ಒಂದು ವಿಷಯ ತಲೆಗೆ ಹೋಗಬೇಕಿತ್ತು, ಹೋಗಲಿಲ್ಲ. ಅವನ್ನು ದಿನಾ ಒಬ್ಬರು ನೋಡಿಕೊಳ್ಳುತ್ತಾರೆ. ನಮ್ಮದನ್ನು ಐದು ತಿಂಗಳು ಯಾರೂ ನೋಡುವುದಿಲ್ಲ.

ಓಡಿ ಅಲ್ಲ, ನಿಂತು ಹಾಳಾಗುವುದು

ಹೆರಾಲ್ಡಿನ ನಂತರ ನಾವು ಮಾಡಿದ ಮೊದಲ ಕೆಲಸ, ಉಳಿದ ಹದಿಮೂರು ಕಾರುಗಳ ಅಡಿಗೆ ಮಲಗಿ ನೋಡಿದ್ದು. ಒಂದು ತಿಂಗಳು ಹಿಡಿಯಿತು. ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು ಒತ್ತುತ್ತ ಹೋದರು, ನಾನು ಶಾಲೆಯ ನೋಟ್ ಪುಸ್ತಕದಲ್ಲಿ ಬರೆಯುತ್ತ ಹೋದೆ. ಐದು ಕಾರುಗಳಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋಯಿತು. ಅದರಲ್ಲಿ ನನ್ನ ಫಿಯೆಟ್ ಒಂದು.

ಫಿಯೆಟ್‌ಗೂ ಅಂಬಾಸಿಡರ್‌ಗೂ ಹೆರಾಲ್ಡಿನ ಹಾಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಬಾಗಿಲಿನ ಕೆಳಗೆ ಉದ್ದಕ್ಕೂ ಪೊಳ್ಳಾದ ತಗಡಿನ ಪೆಟ್ಟಿಗೆ ಇರುತ್ತದೆ, ನಮ್ಮ ಗ್ಯಾರೇಜಿನವರು ಅದಕ್ಕೆ ಬಾಕ್ಸ್ ಎನ್ನುತ್ತಾರೆ. ಕಾರಿನ ಬಲ ಇರುವುದು ಅದರಲ್ಲಿ. ಬಾಗಿಲ ಗಾಜಿನಿಂದ ಇಳಿದ ನೀರು ಅಲ್ಲಿಗೆ ಬರುತ್ತದೆ. ಹೊರಗೆ ಹೋಗಲಿ ಎಂದೇ ಕಾರ್ಖಾನೆಯವರು ಕೆಳಗೆ ಸಣ್ಣ ತೂತು ಇಟ್ಟಿರುತ್ತಾರೆ. ನನ್ನ ಕಾರಿನಲ್ಲಿ ಆ ತೂತುಗಳೇ ಕಾಣಲಿಲ್ಲ. ತುಕ್ಕು ಹಿಡಿಯಬಾರದು ಎಂದು ಅಪ್ಪ ಎರಡು ವರ್ಷಕ್ಕೊಮ್ಮೆ ಅಡಿಗೆ ದಪ್ಪ ಡಾಂಬರಿನ ಕೋಟ್ ಹೊಡೆಸುತ್ತಿದ್ದರು. ಪ್ರತಿ ಕೋಟ್ ಆ ತೂತನ್ನು ಇನ್ನಷ್ಟು ಮುಚ್ಚಿತ್ತು. ಹೊರಗಿನಿಂದ ಕಪ್ಪಗೆ ಗಟ್ಟಿಯಾಗಿ ಕಾಣುತ್ತಿತ್ತು. ಒಳಗೆ ವರ್ಷಗಟ್ಟಲೆ ನೀರು ನಿಂತಿತ್ತು. ಮೇಸ್ತ್ರಿ ಹಿಡಿಸೂಡಿಯಿಂದ, ಅಂದರೆ ಕಡ್ಡಿ ಪೊರಕೆಯಿಂದ, ಒಂದು ಕಡ್ಡಿ ಎಳೆದು ಡಾಂಬರು ಕೆರೆದು ಚುಚ್ಚಿದರು. ಡಿಸೆಂಬರ್ ತಿಂಗಳು, ಮಳೆ ನಿಂತು ಎಷ್ಟೋ ದಿನ ಆಗಿತ್ತು. ಆದರೂ ಕಂದು ನೀರು ಒಂದು ಲೋಟದಷ್ಟು ಸುರಿಯಿತು. ಅಪ್ಪನ ಪ್ರೀತಿಯೇ ಕಾರಿಗೆ ಮುಳುವಾಗಿದ್ದು ನೋಡಿ ನನಗೆ ಗಂಟಲು ಕಟ್ಟಿತು.

ಟಾರ್ಪಾಲಿನ ಕತೆಯೂ ಅದೇ. ಮಳೆ ತಾಗದಿರಲಿ ಎಂದು ಮುಚ್ಚುತ್ತೇವೆ. ನೆಲದಿಂದ ಏಳುವ ತೇವ, ಸಮುದ್ರದ ಗಾಳಿಯ ಉಪ್ಪು ಎರಡೂ ಅದರ ಒಳಗೆ ಸಿಕ್ಕಿಹಾಕಿಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ತಗಡು ಒಣಗೀತಾ? ಹದಿಮೂರರಲ್ಲಿ ಅಡಿ ಅತಿ ಚೆನ್ನಾಗಿ ಉಳಿದಿದ್ದ ಕಾರು ಸಿಕ್ಕಿದ್ದು ಮೂಲ್ಕಿ ಹತ್ತಿರದ ಒಂದು ಹಳೆ ಮನೆಯಲ್ಲಿ. ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು, ಎದುರಿಗೆ ಬಾಗಿಲೇ ಇಲ್ಲ. ಮೊದಲು ಅದು ಗಾಡಿ ಕಟ್ಟುವ ಕೊಟ್ಟಿಗೆ. ಕಾರಿನ ಮೇಲೆ ಹೊದಿಕೆ ಕೂಡ ಇರಲಿಲ್ಲ. ಧೂಳು ಒಂದು ಬೆರಳು ದಪ್ಪ. ಆದರೆ ಗಾಳಿ ಆಡುತ್ತಿತ್ತು. ಹೊಸ ಆರ್‌ಸಿಸಿ ಶೆಡ್‌ಗಳಲ್ಲಿ ಶಟರ್ ಎಳೆದು ಇಟ್ಟ ಕಾರುಗಳ ಸ್ಥಿತಿ ಅದಕ್ಕಿಂತ ಕೆಟ್ಟದಾಗಿತ್ತು.

ಇನ್ನೊಂದು ತಪ್ಪು ಎಲ್ಲರ ಮನೆಯಲ್ಲೂ ಇತ್ತು. ಕೆಟ್ಟುಹೋಗಬಾರದು ಎಂದು ದಿನಾ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು. ಪೆಟ್ರೋಲ್ ಉರಿದಾಗ ನೀರಿನ ಆವಿ ಬರುತ್ತದೆ. ಸೈಲೆನ್ಸರ್ ಬಿಸಿಯಾಗದಿದ್ದರೆ ಆ ನೀರು ಅಲ್ಲೇ ಕೂರುತ್ತದೆ, ಇಂಜಿನ್ ಆಯಿಲ್‌ಗೂ ಸೇರುತ್ತದೆ. ಸುಮ್ನೆ ಎರಡು ನಿಮಿಷ ಸ್ಟಾರ್ಟ್ ಮಾಡುವುದಕ್ಕಿಂತ ಮಾಡದೇ ಇರುವುದು ಮೇಲು. ಮಾಡಿದರೆ ಇಂಜಿನ್ ಸರಿಯಾಗಿ ಬಿಸಿ ಆಗುವವರೆಗೆ, ಇಪ್ಪತ್ತು ನಿಮಿಷವಾದರೂ ಓಡಿಸಬೇಕು. ಬ್ರೇಕಿಗೂ ಓಟ ಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಒಳಗಿನ ಸಿಲಿಂಡರ್ ತುಕ್ಕು ಹಿಡಿದು ಪಿಸ್ಟನ್ ಅಂಟಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಶೂ ಡ್ರಮ್ಮಿಗೆ ಹಿಡಿದುಕೊಳ್ಳುತ್ತದೆ. ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿದರೆ ಗೇರೇ ಬೀಳುವುದಿಲ್ಲ. ಇಷ್ಟೂ ರೋಗಕ್ಕೆ ಮದ್ದು ಒಂದೇ. ಕಾರು ಮಳೆಗಾಲದಲ್ಲೂ ಅಲುಗಬೇಕು.

ಮಳೆಗಾಲದ ಪಾಳಿ

ಹೇಳಲು ಸುಲಭ. ಯಜಮಾನರಲ್ಲಿ ಅರ್ಧಕ್ಕರ್ಧ ಎಪ್ಪತ್ತು ದಾಟಿದವರು. ಮಕ್ಕಳು ದುಬೈ, ಬೆಂಗಳೂರು, ಪುಣೆಯಲ್ಲಿ. ಮಳೆಯಲ್ಲಿ ಕಾರು ತೆಗೆಯುವವರು ಯಾರು? ಹಾಗೆ ಹುಟ್ಟಿದ್ದು ಪಾಳಿ. 2021ರ ಜುಲೈಯಲ್ಲಿ ಶುರು ಮಾಡಿದೆವು. ನಾಲ್ಕು ಜೋಡಿ ಮಾಡಿದೆವು. ಒಂದು ಜೋಡಿಗೆ ಕದ್ರಿ, ಬಿಜೈ, ಉರ್ವ. ಒಂದಕ್ಕೆ ಕಂಕನಾಡಿಯಿಂದ ಉಳ್ಳಾಲದ ಕಡೆ. ಒಂದಕ್ಕೆ ಸುರತ್ಕಲ್, ಮೂಲ್ಕಿ. ಒಂದಕ್ಕೆ ಉಡುಪಿ, ಮಣಿಪಾಲ. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಪ್ರತಿ ಮನೆಗೆ ಹೋಗುವುದು. ಮಳೆ ಬಿಟ್ಟ ಹೊತ್ತು ನೋಡಿ ಕಾರನ್ನು ಎಂಟು ಹತ್ತು ಕಿಲೋಮೀಟರ್ ಓಡಿಸುವುದು. ಬಂದು ಬಾಗಿಲು ತೆರೆದಿಟ್ಟು ಒಣಗಿಸುವುದು. ಹಿಡಿಸೂಡಿ ಕಡ್ಡಿಯಿಂದ ತೂತು ಬಿಡಿಸುವುದು. ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು. ಕ್ಲಚ್ ಪೆಡಲ್ ಒತ್ತಿ ಸೀಟಿಗೆ ಅಡ್ಡ ಮರದ ತುಂಡು ಇಡುವುದು.

ಸ್ಟಾರ್ಟ್ ಮಾಡುವ ಮೊದಲು ಇಂಜಿನನ್ನು ಕೈಯಲ್ಲಿ ತಿರುಗಿಸಬೇಕು ಎನ್ನುವುದು ಮೇಸ್ತ್ರಿಯ ಕಟ್ಟುನಿಟ್ಟು. ಹಳೆ ಅಂಬಾಸಿಡರ್‌ಗೆ, ಫಿಯೆಟ್‌ಗೆ ಬಂಪರಿನ ನಡುವಿನಿಂದ ಹ್ಯಾಂಡಲ್ ಹಾಕಲು ಜಾಗ ಉಂಟು. ನಾನು ಮೊದಲ ಸಲ ಹಿಡಿದಾಗ ಹೆಬ್ಬೆರಳು ಹ್ಯಾಂಡಲ್ ಸುತ್ತ ಬಳಸಿ ಹಿಡಿದಿದ್ದೆ. ಮೇಸ್ತ್ರಿ ಕೈ ಹಿಡಿದು ನಿಲ್ಲಿಸಿದರು. ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಕಡೆಗೇ ಇರಬೇಕು. ಇಂಜಿನ್ ತಿರುಗಿ ಒದ್ದರೆ ಹ್ಯಾಂಡಲ್ ಕೈ ಬಿಟ್ಟು ಹೋಗಬೇಕು, ಬಳಸಿ ಹಿಡಿದರೆ ಹೆಬ್ಬೆರಳು ಮುರಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆಯುವುದು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಇಗ್ನಿಷನ್ ಆಫ್ ಇಟ್ಟು ನಿಧಾನ ಎಳೆದಾಗ ಒಂದೊಂದೇ ಸಿಲಿಂಡರ್ ಉಸಿರು ಕಟ್ಟಿ ಬಿಡುವುದು ಅಂಗೈಗೆ ಗೊತ್ತಾಗುತ್ತದೆ. ನಾಲ್ಕೂ ಒಂದೇ ಸಮ ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಒಂದು ಮೆತ್ತಗಿದ್ದರೆ ವಾಲ್ವ್ ನೋಡಬೇಕು. ಇದನ್ನು ಕಲಿತ ಮೇಲೆ ಕಾರು ನನಗೆ ಬೇರೆಯೇ ಆಯಿತು. ಇಪ್ಪತ್ತು ವರ್ಷ ಓಡಿಸಿದಾಗ ಗೊತ್ತಾಗದ್ದು ಆ ಹ್ಯಾಂಡಲಿನಲ್ಲಿ ಗೊತ್ತಾಯಿತು.

ಅಡಿಗೆ ಡಾಂಬರು ನಿಲ್ಲಿಸಿದೆವು. ಅದರ ಬದಲು ಬಂದದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ಮೀನುಗಾರರು ಮರದ ದೋಣಿಗೆ ಹಿಂದಿನಿಂದಲೂ ಹಚ್ಚುತ್ತಿದ್ದದ್ದು. ಗೇರುಬೀಜದ ಕಾರ್ಖಾನೆಗಳ ಊರಲ್ಲಿ ಅದಕ್ಕೆ ಬರ ಇಲ್ಲ. ತೆಳ್ಳಗೆ ಇರುತ್ತದೆ, ಸಂದಿಗೆ ಇಳಿಯುತ್ತದೆ, ತೂತು ಮುಚ್ಚುವುದಿಲ್ಲ. ಕೈಗೆ ತಾಗಿದರೆ ಮಾತ್ರ ಸುಡುತ್ತದೆ, ಗ್ಲೌಸ್ ಬೇಕೇ ಬೇಕು. ಕಾರಿನ ಒಳಗೆ ಅಗಲ ಬಾಯಿಯ ಡಬ್ಬದಲ್ಲಿ ನೀರು ಹಾಕದ ಚಿಪ್ಪಿನ ಸುಣ್ಣ ಇಡುತ್ತೇವೆ. ತೇವ ಹೀರಿ ಹುಡಿಯಾಗುತ್ತದೆ, ಹುಡಿಯಾದರೆ ಬದಲಿಸುವುದು. ಬೂಸ್ಟು ಬಹಳ ಕಮ್ಮಿಯಾಗಿದೆ.

ಕಷ್ಟ ಬಂದದ್ದು ಕೀ ವಿಷಯದಲ್ಲಿ. ಕಾರಿನ ಕೀ ಇನ್ನೊಬ್ಬರ ಕೈಗೆ ಕೊಡುವುದು ಎಂದರೆ ಸಣ್ಣ ಮಾತಲ್ಲ. ಇಬ್ಬರು ಕೂಟವನ್ನೇ ಬಿಟ್ಟು ಹೋದರು. ಒಬ್ಬರು ಪೆಟ್ರೋಲ್ ಹಣದ ಲೆಕ್ಕಕ್ಕೆ ಮುನಿಸಿಕೊಂಡರು. ಅದರಲ್ಲಿ ತಪ್ಪು ನಮ್ಮದೇ, ಮೊದಲ ವರ್ಷ ಲೆಕ್ಕ ಬರೆದಿಡಲಿಲ್ಲ. ಈಗ ಪ್ರತಿ ಕಾರಿಗೂ ಒಂದು ನೋಟ್ ಪುಸ್ತಕ ಉಂಟು, ಡ್ಯಾಶ್‌ಬೋರ್ಡಿನಲ್ಲೇ ಇರುತ್ತದೆ. ಎಷ್ಟು ಓಡಿತು, ಏನು ಹಾಕಿದೆವು, ಏನು ಸದ್ದು ಬಂತು ಎಲ್ಲ ಅದರಲ್ಲಿ. ಕೆಲವು ಯಜಮಾನರು ಅದನ್ನು ಪೇಪರಿನ ಹಾಗೆ ಓದುತ್ತಾರೆ.

ಉಡುಪಿಯಲ್ಲಿ ಒಬ್ಬರು ಅಮ್ಮ ಇದ್ದಾರೆ. ಅವರ ಗಂಡ ಡಾಕ್ಟರಾಗಿದ್ದವರು, ತೀರಿಕೊಂಡು ವರ್ಷಗಳಾಗಿವೆ. ಕಾರು ಅಂಬಾಸಿಡರ್ ಮಾರ್ಕ್ ಟು. ಕೀ ದೇವರ ಕೋಣೆಯಲ್ಲಿ. ನಾವು ಮೊದಲ ಸಲ ಹೋದಾಗ ಕಾಫಿ ಕೊಟ್ಟರು, ಕೀ ಕೊಡಲಿಲ್ಲ. ಎರಡನೇ ಸಲವೂ ಅಷ್ಟೆ. ಮೂರನೇ ಸಲ ಒಂದು ಷರತ್ತು ಹಾಕಿದರು. ಕಾರು ಹೊರಡುವುದಾದರೆ ಹಿಂದಿನ ಸೀಟಿನಲ್ಲಿ ತಾನೂ ಇರಬೇಕು. ಅವತ್ತಿನಿಂದ ಪಾಳಿಯ ದಿನ ಅವರು ಸೀರೆ ಉಟ್ಟು ಒಂಬತ್ತು ಗಂಟೆಗೇ ಸಿದ್ಧ. ಮಲ್ಪೆಯವರೆಗೆ ಹೋಗಿ ಸಮುದ್ರ ನೋಡಿ ವಾಪಸ್. ಹೋಗಿ ಬರಲು ಹನ್ನೆರಡು ಕಿಲೋಮೀಟರ್ ಆಗುತ್ತದೆ, ಇಂಜಿನ್‌ಗೂ ಸರಿ ಸಾಕು. ಡಾಕ್ಟರು ಯಾವ ತಿರುವಿನಲ್ಲಿ ಗೇರ್ ಇಳಿಸುತ್ತಿದ್ದರು ಎಂದು ಅವರಿಗೆ ನೆನಪಿದೆ. ನಮ್ಮ ಹುಡುಗರು ಅಲ್ಲೇ ಇಳಿಸುತ್ತಾರೆ.

ಕಾಗದದ ತುಕ್ಕು

ಆ ಅಮ್ಮನ ಕಾರಿನಿಂದಲೇ ಇನ್ನೊಂದು ವಿಷಯ ಎದ್ದಿತು. ಆರ್‌ಸಿ ಪುಸ್ತಕ ಇನ್ನೂ ಡಾಕ್ಟರ ಹೆಸರಿನಲ್ಲಿತ್ತು. ಹುಡುಕಿದರೆ ಕೂಟದ ಐದು ಕಾರುಗಳು ತೀರಿಹೋದವರ ಹೆಸರಿನಲ್ಲಿದ್ದವು. ನನ್ನದೂ ಅಪ್ಪನ ಹೆಸರಿನಲ್ಲಿಯೇ ಇತ್ತು. ಕಾನೂನಿನ ಪ್ರಕಾರ ಯಜಮಾನ ತೀರಿಕೊಂಡ 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು. ದುಃಖದ ಮನೆಯಲ್ಲಿ ಕಾರಿನ ಕಾಗದ ಯಾರಿಗೆ ನೆನಪಾಗುತ್ತದೆ? ಆದರೆ ಹೆಸರು ಬದಲಾಗದಿದ್ದರೆ ವಿಮೆಗೂ ತೊಂದರೆ, ನವೀಕರಣಕ್ಕೂ ತೊಂದರೆ. ಖಾಸಗಿ ಕಾರಿಗೆ 15 ವರ್ಷ ಆದ ಮೇಲೆ ಐದು ವರ್ಷಕ್ಕೊಮ್ಮೆ ಫಾರಂ 25ರಲ್ಲಿ ನೋಂದಣಿ ನವೀಕರಿಸಬೇಕು. ನವೀಕರಿಸದ ಕಾರು ರಸ್ತೆಗೆ ಬರುವ ಹಾಗಿಲ್ಲ. ರಸ್ತೆಗೆ ಬಾರದ ಕಾರು ಕೊನೆಗೆ ಗುಜರಿಗೆ.

ಹಳೆ ಪುಸ್ತಕ ರೂಪದ ಆರ್‌ಸಿಗಳಿಗೆ ಇನ್ನೊಂದು ಕಗ್ಗಂಟು. ಕೈಯಲ್ಲಿ ಬರೆದ ದಾಖಲೆ ಸಾರಿಗೆ ಇಲಾಖೆಯ ಈಗಿನ ವಾಹನ್ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಮೊದಲು ಅದನ್ನು ಬ್ಯಾಕ್‌ಲಾಗ್ ಎಂದು ಸೇರಿಸಬೇಕು. ಚಾಸಿಸ್ ನಂಬರಿನ ಒಂದು ಅಂಕಿ ಮಾಸಿದ್ದರೂ ಕೆಲಸ ನಿಂತುಹೋಗುತ್ತದೆ. ಒಂದು ಕಾರಿಗೆ ನಾವು ಏಳು ತಿಂಗಳು ಓಡಾಡಿದೆವು. ಪುಸ್ತಕದಲ್ಲಿ ಶಾಯಿ ಹರಡಿ 3 ಎನ್ನುವುದು 8ರ ಹಾಗೆ ಕಾಣುತ್ತಿತ್ತು. ಕೊನೆಗೆ ಕಾರಿನ ಮೇಲಿನ ನಂಬರಿಗೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಇನ್‌ಸ್ಪೆಕ್ಟರ್ ಬಂದು ನೋಡಿ, ಸರಿಯಾಯಿತು. ಈಗ ಈ ಕೆಲಸವನ್ನೆಲ್ಲ ಕೂಟದ ಒಬ್ಬ ನಿವೃತ್ತ ಗುಮಾಸ್ತರು ನೋಡಿಕೊಳ್ಳುತ್ತಾರೆ. ಅವರಿಗೆ ಸ್ವಂತ ಹಳೆ ಕಾರಿಲ್ಲ. ನಮಗೆ ಮೇಸ್ತ್ರಿಯಷ್ಟೇ ಅವರೂ ಬೇಕು.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪ ಹಾಳಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ 5,000 ರೂಪಾಯಿ, ಐದು ವರ್ಷಕ್ಕೆ. ಆದರೆ ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್, ರಿಪೇರಿ ಮುಂತಾದ ಕೆಲವಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕೆ ಇಲ್ಲ. ಕೂಟದಲ್ಲಿ ಇದರ ಬಗ್ಗೆ ಎರಡು ಸಂಜೆ ಚರ್ಚೆ ಆಯಿತು. ಅರ್ಹತೆ ಇದ್ದ ಕಾರುಗಳೂ ವಿಂಟೇಜ್ ಆಗುವುದು ಬೇಡ ಎಂದು ತೀರ್ಮಾನಿಸಿದೆವು. ನಮ್ಮವು ಮನೆಯ ಕಾರು. ಮೀನು ಮಾರ್ಕೆಟಿಗೂ ಹೋಗಬೇಕು, ಮಲ್ಪೆಗೂ ಹೋಗಬೇಕು. ಆ ತೀರ್ಮಾನಕ್ಕೆ ಬೆಲೆ ಕೊಡುತ್ತಿದ್ದೇವೆ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಪಿಂಚಣಿಯಲ್ಲಿ ಬದುಕುವವರಿಗೆ ಇದು ಜಾಸ್ತಿಯೇ. ಇಬ್ಬರ ಶುಲ್ಕವನ್ನು ಕೂಟದಿಂದ ಕಟ್ಟಿದ್ದೇವೆ.

ಬಿಡಿಭಾಗದ ವಿಷಯ ಚುಟುಕಾಗಿ ಹೇಳುತ್ತೇನೆ. ಅಂಬಾಸಿಡರ್‌ಗೆ ಇನ್ನೂ ಸಿಗುತ್ತದೆ. ಫಿಯೆಟ್‌ಗೆ ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳೇ ಆಧಾರವಾಗಿದ್ದವು. 2023ರ ಅಕ್ಟೋಬರ್ ಕೊನೆಗೆ ಅಲ್ಲಿ ಪದ್ಮಿನಿ ಟ್ಯಾಕ್ಸಿಯ ಕಾಲ ಮುಗಿಯಿತು. ಅದಕ್ಕೆ ಮೊದಲೇ ಕುರ್ಲಾದ ಗುಜರಿಯಿಂದ ಎರಡು ಗೇರ್‌ಬಾಕ್ಸ್, ಒಂದಿಷ್ಟು ಬ್ರೇಕ್ ಸಿಲಿಂಡರ್ ತರಿಸಿ ಇಟ್ಟುಕೊಂಡೆವು. ಯಾರ ಮನೆಯಲ್ಲಿ ಏನು ಇದೆ ಎಂಬ ಪಟ್ಟಿ ಎಲ್ಲರ ಹತ್ತಿರವೂ ಉಂಟು.

ಈಗಿನ ಚಿಂತೆ ಪೆಟ್ರೋಲ್. ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತದ್ದು. ಎಥೆನಾಲ್ ನೀರು ಎಳೆಯುತ್ತದೆ. ನಮ್ಮ ಜುಲೈ ಗಾಳಿಯಲ್ಲಿ ನೀರಿಗೇನು ಕಮ್ಮಿ? ಅರ್ಧ ತುಂಬಿದ ಟ್ಯಾಂಕಿನಲ್ಲಿ ವಾರಗಟ್ಟಲೆ ನಿಂತರೆ ನೀರೂ ಎಥೆನಾಲೂ ಸೇರಿ ಅಡಿಗೆ ಇಳಿಯುತ್ತವೆ, ಟ್ಯಾಂಕ್ ತುಕ್ಕು ಹಿಡಿಯುತ್ತದೆ. ಹಳೆ ರಬ್ಬರ್ ಪೈಪು ಉಬ್ಬಿ ಮೆತ್ತಗಾಗುತ್ತದೆ. ಹೋದ ಮಳೆಗಾಲ ಒಂದು ಕಾರಿನ ಕಾರ್ಬುರೇಟರ್ ಬಿಚ್ಚಿದಾಗ ಬಟ್ಟಲಿನ ಅಡಿಯಲ್ಲಿ ಹಸಿರು ಬಣ್ಣದ ಅಂಟು ಸಿಕ್ಕಿತು. ಪೈಪುಗಳನ್ನು ಎಥೆನಾಲ್ ತಡೆಯುವ ರಬ್ಬರಿಗೆ ಬದಲಿಸುತ್ತಿದ್ದೇವೆ, ಅರ್ಧ ಕೆಲಸ ಮುಗಿದಿದೆ. ಪತ್ತನಾಜೆಗೆ ಟ್ಯಾಂಕನ್ನು ಒಂದೋ ಕಂಠಮಟ್ಟ ತುಂಬಿಸುವುದು, ಇಲ್ಲ ಪೂರ್ತಿ ಖಾಲಿ ಮಾಡುವುದು. ನಡುವೆ ಬಿಡುವುದಿಲ್ಲ.

ಸದ್ಯ ಪಾಳಿಯಲ್ಲಿ ಹನ್ನೊಂದು ಕಾರುಗಳಿವೆ. 2020ರ ನಂತರ ತುಕ್ಕಿಗೆ ಒಂದೂ ಹೋಗಿಲ್ಲ. ನನ್ನ ಫಿಯೆಟ್‌ನ ಎರಡೂ ಬಾಕ್ಸ್ ಕತ್ತರಿಸಿ ಹೊಸ ತಗಡು ಬೆಸೆದಿದ್ದೇವೆ, ತೂತು ಸಮೇತ. ಮಣಿಪಾಲದ ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಉಡುಪಿಯ ಜೋಡಿ. ಓದು ಮುಗಿಸಿ ಅವರು ಹೋದ ಮೇಲೆ ಯಾರು ಎಂದು ಹುಡುಕುತ್ತಿದ್ದೇವೆ. ಮೇಸ್ತ್ರಿಗೆ ಮೊಣಕಾಲು ನೋವು, ಕಾರಿನಡಿ ಮಲಗಿದರೆ ಏಳಲು ಒಬ್ಬರು ಕೈ ಕೊಡಬೇಕು.

ಬಿಜೈಯ ಹೆರಾಲ್ಡ್ ಉಳಿಯಲಿಲ್ಲ. ಚಾಸಿಸ್ ಬೇರೆ ಸಿಗಲಿಲ್ಲ, ಸಿಕ್ಕಿದ ಒಂದರ ಕಾಗದ ಸರಿ ಇರಲಿಲ್ಲ. ಇಂಜಿನ್, ಗೇರ್‌ಬಾಕ್ಸ್, ಆ ಬೊನೆಟ್ ಮೂರೂ ಕಾರ್ಕಳದ ಇನ್ನೊಂದು ಹೆರಾಲ್ಡಿಗೆ ಹೋದವು. ಬೊನೆಟ್‌ನ ನೀಲಿ ಬಣ್ಣ ಹಾಗೆಯೇ ಇರಲಿ ಎಂದು ಅಲ್ಲಿನವರು ಉಳಿದ ಕಾರಿಗೂ ಅದೇ ನೀಲಿ ಹೊಡೆಸಿದರು. ಬಿಜೈಯ ಯಜಮಾನರು ಈಗ ಕದ್ರಿ ಜೋಡಿಯಲ್ಲಿ ಒಬ್ಬರು. ಕಾರಿಲ್ಲದವರು ಯಾಕೆ ಬರಬೇಕು ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿರುತ್ತಾರೆ. ಜೇಬಿನಲ್ಲಿ ಉದ್ದದ ಸ್ಕ್ರೂಡ್ರೈವರ್, ರಬ್ಬರ್‌ಬ್ಯಾಂಡ್ ಸುತ್ತಿದ ಹಿಡಿಸೂಡಿ ಕಡ್ಡಿಗಳು. ನಾನು ಹ್ಯಾಂಡಲ್ ಹಾಕುವ ಮೊದಲೇ ಅವರು ಗೋಣಿ ಹಾಸಿ ಕಾರಿನಡಿ ಮಲಗಿರುತ್ತಾರೆ.